ಊರು ಕಟ್ಟಿದವರು, ಊರಾಚೆ ಉಳಿದವರು

(ಸಿನಿಮಾಸಕ್ತ ಗೆಳೆಯರ ಕೂಟವೊಂದರಲ್ಲಿ ವೆಸ್ಟರ್ನ್ ಚಿತ್ರಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಓದಲು ಸಲೀಸಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೆಸ್ಟರ್ನ್ ಸಿನಿಮಾಗಳಲ್ಲಿ, ಅಂದರೆ ಅಮೆರಿಕದ ಪಶ್ಚಿಮ ಗಡಿನಾಡಿನ ಕಥೆ ಹೇಳುವ ಚಿತ್ರಗಳಲ್ಲಿ, ಎಲ್ಲಕ್ಕಿಂತ ದೊಡ್ಡದು ಯಾವುದು, ನಿಮ್ಮ ಮೆಚ್ಚಿನದು ಯಾವುದು ಅಂತ ಮಾತಾಡಲು ಕರೆದಿದ್ದೀರಿ. ಎರಡು ಪ್ರಶ್ನೆಗೂ ನನ್ನ ಹತ್ತಿರ ಬೇರೆ ಬೇರೆ ಉತ್ತರ ಇದೆ. ಎರಡೂ ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಮಾಡಿದ ಚಿತ್ರಗಳೇ. ಇದನ್ನು ಒಪ್ಪದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ ಅಂತ ಗೊತ್ತು. ನಮ್ಮಲ್ಲಿ ವೆಸ್ಟರ್ನ್ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಕ್ಲಿಂಟ್ ಈಸ್ಟ್‌ವುಡ್. ಬಾಯಲ್ಲಿ ಚುಟ್ಟಾ, ಹೆಗಲ ಮೇಲೆ ಪೊಂಚೊ, ಹಿನ್ನೆಲೆಯಲ್ಲಿ ಸಂಗೀತಗಾರ ಎನ್ನಿಯೊ ಮೊರಿಕೋನೆಯ ಶಿಳ್ಳೆ. ಅಂದರೆ ಆ ಚಿತ್ರಗಳನ್ನು ಮಾಡಿದ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ. ಅವನ ಬಗ್ಗೆಯೂ ಮಾತಾಡೋಣ.

2008ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹತ್ತು ವೆಸ್ಟರ್ನ್‌ಗಳ ಪಟ್ಟಿ ಹೊರಡಿಸಿತು. ಮೊದಲ ಸ್ಥಾನ ಫೋರ್ಡ್‌ನ 'ದಿ ಸರ್ಚರ್ಸ್'ಗೆ. ಆಮೇಲೆ 'ಹೈ ನೂನ್', 'ಶೇನ್', 'ಅನ್‌ಫರ್ಗಿವನ್'. ಅಮೆರಿಕದ ಚಿತ್ರಗಳ ಪಟ್ಟಿ ಆದ್ದರಿಂದ ಲಿಯೋನೆಗೆ ಅಲ್ಲಿ ಜಾಗ ಸಿಗಲಿಲ್ಲ. ಅದು ಅರ್ಥವಾಗುತ್ತದೆ. ಆದರೆ ಫೋರ್ಡ್ 1962ರಲ್ಲಿ ಮಾಡಿದ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' ಕೂಡ ಆ ಹತ್ತರಲ್ಲಿ ಇಲ್ಲ. ಇದನ್ನು ಮಾತ್ರ ನಾನು ಒಪ್ಪಲಾರೆ. ಇವತ್ತು ನಾನು ವಾದಿಸುವುದು ಆ ಚಿತ್ರದ ಪರವಾಗಿ.

ಮೊದಲು ನನ್ನ ಅಳತೆಗೋಲು ಏನು ಅಂತ ಹೇಳಿಬಿಡುತ್ತೇನೆ. ವೆಸ್ಟರ್ನ್ ಅಂದರೆ ಕುದುರೆ, ಬಂದೂಕು, ಧೂಳು ಅಂತ ನಾವು ಅಂದುಕೊಳ್ಳುತ್ತೇವೆ. ಗಮನ ಇಟ್ಟು ನೋಡಿದರೆ ಒಳ್ಳೆಯ ವೆಸ್ಟರ್ನ್‌ಗಳಲ್ಲಿ ಗುಂಡು ಹಾರುವ ನಿಮಿಷಗಳು ಬಹಳ ಕಡಿಮೆ. ಉಳಿದ ಹೊತ್ತೆಲ್ಲ ಅಲ್ಲಿ ಒಂದು ಊರು ಎದ್ದು ನಿಲ್ಲುತ್ತಿರುತ್ತದೆ. ಕ್ಷೌರದ ಅಂಗಡಿ ಬರುತ್ತದೆ, ಜೈಲು ಬರುತ್ತದೆ, ಪತ್ರಿಕೆ ಅಚ್ಚಾಗುತ್ತದೆ, ಅರ್ಧ ಕಟ್ಟಿದ ಚರ್ಚ್ ಕಾಣುತ್ತದೆ. ಈ ಊರನ್ನು ಯಾರು ಕಟ್ಟುತ್ತಿದ್ದಾರೆ? ಕಟ್ಟಿದ ಮೇಲೆ ಒಳಗೆ ಯಾರಿಗೆ ಜಾಗ? ಯಾರು ಹೊರಗೆ ಉಳಿದರು? ಈ ಪ್ರಶ್ನೆಗಳನ್ನು ಎಷ್ಟು ಪ್ರಾಮಾಣಿಕವಾಗಿ ಕೇಳುತ್ತದೆ ಅನ್ನುವುದರ ಮೇಲೆ ನಾನು ಒಂದು ವೆಸ್ಟರ್ನ್ ಅನ್ನು ಅಳೆಯುತ್ತೇನೆ.

ಮೆಚ್ಚಿನದರಿಂದ ಶುರು ಮಾಡುತ್ತೇನೆ. 1946ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್'. ವಯಟ್ ಅರ್ಪ್ ಮತ್ತು ಅವನ ತಮ್ಮಂದಿರು ದನ ಹೊಡೆದುಕೊಂಡು ಕ್ಯಾಲಿಫೋರ್ನಿಯಾ ಕಡೆ ಹೊರಟಿರುತ್ತಾರೆ. ದಾರಿಯಲ್ಲಿ ಟೂಮ್‌ಸ್ಟೋನ್ ಅನ್ನುವ ಊರು. ಗಡ್ಡ ಮಾಡಿಸಿಕೊಂಡು ಬರೋಣ ಅಂತ ಊರೊಳಗೆ ಹೋಗುತ್ತಾರೆ. ಅಷ್ಟರಲ್ಲಿ ದನ ಕಳುವಾಗುತ್ತವೆ, ಕಾವಲಿಗೆ ಬಿಟ್ಟ ಕೊನೆಯ ತಮ್ಮನ ಕೊಲೆಯಾಗುತ್ತದೆ. ವಯಟ್ ಅಲ್ಲೇ ಉಳಿದು ಮಾರ್ಷಲ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಆಗುತ್ತಾನೆ. ಹೇಳಿಕೇಳಿ ಸೇಡಿನ ಕಥೆ. ಆದರೆ ಫೋರ್ಡ್‌ಗೆ ಸೇಡಿನ ಅವಸರವೇ ಇಲ್ಲ.

ವಯಟ್ ಆಗಿರುವ ಹೆನ್ರಿ ಫೊಂಡಾ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ್ದಾನೆ. ಎದುರಿನ ಕಂಬಕ್ಕೆ ಒಂದು ಕಾಲು ಕೊಡುತ್ತಾನೆ, ಅದನ್ನು ತೆಗೆದು ಇನ್ನೊಂದು ಕಾಲು ಕೊಡುತ್ತಾನೆ. ಕೈ ಎರಡೂ ಅಗಲಕ್ಕೆ ಚಾಚಿ, ಬೀಳದ ಹಾಗೆ ತೂಗಿಕೊಂಡು ಆಟವಾಡುತ್ತಾನೆ. ಅಷ್ಟೇ. ಕಥೆ ಒಂದಂಗುಲವೂ ಮುಂದೆ ಹೋಗುವುದಿಲ್ಲ. ಆದರೆ ಈ ಊರಲ್ಲಿ ಈಗ ಒಬ್ಬ ಮನುಷ್ಯ ನಿಶ್ಚಿಂತೆಯಿಂದ ಜಗಲಿಯಲ್ಲಿ ಕೂರಬಹುದು ಅನ್ನುವುದು ನಮಗೆ ಮಾತಿಲ್ಲದೆ ತಿಳಿಯುತ್ತದೆ.

ಆಮೇಲೆ ಆ ಭಾನುವಾರದ ಬೆಳಗು. ಕ್ಷೌರಿಕ ವಯಟ್‌ಗೆ ತಲೆ ಬಾಚಿ, ಮೈಗೆಲ್ಲ ಸೆಂಟು ಹೊಡೆದು ಕಳಿಸಿದ್ದಾನೆ. ಗಾಳಿಯಲ್ಲಿ ಮರಳುಗಾಡಿನ ಹೂವಿನ ಪರಿಮಳ ಬರುತ್ತಿದೆ ಅನ್ನುತ್ತಾಳೆ ಕ್ಲೆಮೆಂಟೈನ್. "ಅದು ನಾನೇ" ಅನ್ನುತ್ತಾನೆ ವಯಟ್. ಇಬ್ಬರೂ ಕೈ ಹಿಡಿದುಕೊಂಡು ಚರ್ಚ್ ಕಡೆ ನಡೆಯುತ್ತಾರೆ. ಚರ್ಚ್‌ಗೆ ಗೋಡೆ ಇಲ್ಲ, ಸೂರು ಇಲ್ಲ. ಮರದ ಹಲಗೆಯ ನೆಲ, ಗಂಟೆಗೋಪುರದ ಬರೀ ಚೌಕಟ್ಟು, ಗಾಳಿಗೆ ಹಾರುವ ಬಾವುಟ, ಹಿಂದೆ ಮಾನ್ಯುಮೆಂಟ್ ವ್ಯಾಲಿಯ ಕಲ್ಲುಗುಡ್ಡಗಳು. ಧರ್ಮಗ್ರಂಥವನ್ನು ಈ ತುದಿಯಿಂದ ಆ ತುದಿಯವರೆಗೆ ಓದಿದ್ದೇನೆ, ಕುಣಿಯಬಾರದು ಅಂತ ಎಲ್ಲೂ ಬರೆದಿಲ್ಲ ಅನ್ನುತ್ತಾನೆ ಅಲ್ಲಿನ ಹಿರಿಯ. ಪಿಟೀಲು ಶುರುವಾಗುತ್ತದೆ. ವಯಟ್ ಸ್ವಲ್ಪ ಹೊತ್ತು ಅಂಚಿನಲ್ಲಿ ಸುಮ್ನೆ ನಿಲ್ಲುತ್ತಾನೆ. ಕೊನೆಗೆ ಟೋಪಿ ತೆಗೆದು ಎಸೆದು, ಕ್ಲೆಮೆಂಟೈನ್ ಜೊತೆ ಕುಣಿಯಲು ಇಳಿಯುತ್ತಾನೆ. ಕುಣಿತ ಚೆನ್ನಾಗೇನೂ ಇಲ್ಲ, ಮೊಣಕಾಲು ಎತ್ತಿ ಎತ್ತಿ ಇಡುತ್ತಾನೆ. ಊರಿನವರು ಅವರಿಬ್ಬರಿಗೆ ಜಾಗ ಬಿಟ್ಟು ಸುತ್ತ ನಿಲ್ಲುತ್ತಾರೆ. ವೆಸ್ಟರ್ನ್ ಸಿನಿಮಾ ನನಗೆ ಕೊಟ್ಟ ಅತಿ ದೊಡ್ಡ ಸಂತೋಷ ಈ ಕೆಲವು ನಿಮಿಷ.

ಇತಿಹಾಸದ ಲೆಕ್ಕದಲ್ಲಿ ನೋಡಿದರೆ ಚಿತ್ರ ಪೂರ್ತಿ ತಪ್ಪು. ಚಿತ್ರದ ಕೊನೆಗೆ ಬರುವ ಓಕೆ ಕೊರಾಲ್ ಗುಂಡಿನ ಕಾಳಗ ನಿಜವಾಗಿ ನಡೆದದ್ದು 1881ರ ಅಕ್ಟೋಬರ್ 26ರಂದು. ಸುಮಾರು 30 ಸೆಕೆಂಡಿನಲ್ಲಿ ಮುಗಿಯಿತು. ಚಿತ್ರದಲ್ಲಿ ವಯಟ್‌ನ ಗೆಳೆಯ ಡಾಕ್ ಹಾಲಿಡೇ ಶಸ್ತ್ರವೈದ್ಯ, ಆ ಕಾಳಗದಲ್ಲೇ ಸಾಯುತ್ತಾನೆ. ನಿಜದ ಹಾಲಿಡೇ ಹಲ್ಲಿನ ವೈದ್ಯ, ಸತ್ತದ್ದು 1887ರಲ್ಲಿ ಕ್ಷಯದಿಂದ. ಇದು ಗೊತ್ತಾದ ಮೇಲೂ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ನಿಜವನ್ನು ತಿರುಚಿ ಚಂದದ ಕಥೆ ಕಟ್ಟುವ ಈ ಗುಣದ ಬಗ್ಗೆ ಫೋರ್ಡ್‌ಗೇ ಮುಂದೆ ಒಳಗೊಳಗೆ ಕಾಡಿತು ಅಂತ ನನಗನ್ನಿಸುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಊರು ಕಟ್ಟಿಯಾಯಿತು. ಆ ಊರು ತನ್ನವನ ಜೊತೆ ನಿಲ್ಲುತ್ತದೆಯೇ? ಈ ಪ್ರಶ್ನೆಯ ಮೇಲೆ ಎರಡು ಚಿತ್ರಗಳು ನೇರವಾಗಿ ಜಗಳಕ್ಕೆ ಬಿದ್ದವು. ಫ್ರೆಡ್ ಜಿನ್ನೆಮನ್ ನಿರ್ದೇಶನದ 'ಹೈ ನೂನ್' 1952ರದ್ದು. ಗ್ಯಾರಿ ಕೂಪರ್ ಮದುವೆಯಾಗಿ ಕೆಲಸ ಬಿಟ್ಟು ಹೊರಟ ಮಾರ್ಷಲ್. ಸೇಡಿಗೆ ಬರುತ್ತಿರುವ ಕೊಲೆಗಾರ ಮಧ್ಯಾಹ್ನದ ರೈಲಿಗೆ ಇಳಿಯುತ್ತಾನೆ. ಕೂಪರ್ ಮದ್ಯದಂಗಡಿಗೆ ಹೋಗಿ ಕೇಳುತ್ತಾನೆ, ಚರ್ಚ್‌ಗೆ ಹೋಗಿ ಕೇಳುತ್ತಾನೆ, ಗೆಳೆಯರ ಮನೆ ಬಾಗಿಲು ತಟ್ಟುತ್ತಾನೆ. ಒಬ್ಬರೂ ಬರುವುದಿಲ್ಲ. ಗಡಿಯಾರದ ಮುಳ್ಳು ಮಾತ್ರ ಓಡುತ್ತಿರುತ್ತದೆ. ಕೊನೆಗೆ ಊರಿನವರು ಯಾರೂ ಇಲ್ಲದೆ, ಹೆಂಡತಿಯೊಬ್ಬಳ ನೆರವಿನಿಂದ ಗೆದ್ದು, ಎದೆಯ ಮೇಲಿನ ನಕ್ಷತ್ರವನ್ನು ಕಿತ್ತು ಮಣ್ಣಿಗೆ ಎಸೆದು ಹೊರಟುಹೋಗುತ್ತಾನೆ.

ಇದು ಸುಮ್ಮನೆ ಹುಟ್ಟಿದ ಕಥೆಯಲ್ಲ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್‌ನನ್ನು ಚಿತ್ರ ತಯಾರಾಗುತ್ತಿದ್ದ ಹೊತ್ತಿನಲ್ಲೇ ಕಮ್ಯುನಿಸ್ಟ್ ನಂಟಿನ ವಿಚಾರಣೆಗೆ ಕರೆದಿದ್ದರು. ಅವನು ಹೆಸರುಗಳನ್ನು ಹೇಳಲಿಲ್ಲ. ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಮುಖ ತಿರುಗಿಸಿಕೊಂಡ ಗೆಳೆಯರನ್ನು ಅವನು ಕಣ್ಣಾರೆ ಕಂಡಿದ್ದ. ವೆಸ್ಟರ್ನ್‌ಗಳ ದೊಡ್ಡ ತಾರೆ ಜಾನ್ ವೇನ್‌ಗೆ ಈ ಚಿತ್ರ ಕಂಡರೆ ಆಗುತ್ತಿರಲಿಲ್ಲ, ಇದು ಅಮೆರಿಕಕ್ಕೇ ವಿರುದ್ಧ ಅನ್ನುತ್ತಿದ್ದ. ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೂ ಸಿಟ್ಟು. ಕೆಲಸ ಗೊತ್ತಿರುವ ಮಾರ್ಷಲ್ ಊರೆಲ್ಲ ಅಲೆದು ಸಹಾಯ ಬೇಡುವುದು ಏನು ಅಂತ. ಅವರಿಬ್ಬರೂ ಸೇರಿ ಕೊಟ್ಟ ಉತ್ತರ 1959ರ 'ರಿಯೊ ಬ್ರಾವೊ'.

ಇಲ್ಲಿ ವೇನ್ ಯಾರ ಸಹಾಯವನ್ನೂ ಕೇಳುವುದಿಲ್ಲ. ಜೊತೆಗಿರುವವರು ಒಬ್ಬ ಕುಡುಕ, ಒಬ್ಬ ಕುಂಟುವ ಮುದುಕ, ಒಬ್ಬ ಹುಡುಗ. ಜೈಲೇ ಅವರ ಮನೆ. ಅಲ್ಲೇ ಉಣ್ಣುತ್ತಾರೆ, ಅಲ್ಲೇ ಹಾಡುತ್ತಾರೆ. ಕುಡುಕನಾಗಿರುವ ಡೀನ್ ಮಾರ್ಟಿನ್ ಕೈ ನಡುಗಿ ಸಿಗರೇಟು ಸುತ್ತಿಕೊಳ್ಳಲೂ ಆಗುವುದಿಲ್ಲ. ವೇನ್ ಮಾತಾಡದೆ ಒಂದು ಸುತ್ತಿ ಅವನ ಕೈಗೆ ಕೊಡುತ್ತಾನೆ. ಒಂದು ಸಲ ಮಾರ್ಟಿನ್ ಸೋತು ಮತ್ತೆ ಲೋಟಕ್ಕೆ ವಿಸ್ಕಿ ಸುರಿದುಕೊಂಡಿದ್ದಾನೆ. ಆಗ ಬೀದಿಯಿಂದ ಶತ್ರುಗಳು ನುಡಿಸುವ ಸಾವಿನ ರಾಗ ಕೇಳುತ್ತದೆ. ಅವನು ಲೋಟದಲ್ಲಿದ್ದುದನ್ನು ಮತ್ತೆ ಸೀಸೆಗೆ ಸುರಿಯುತ್ತಾನೆ. ಒಂದು ಹನಿ ಆಚೆ ಬೀಳುವುದಿಲ್ಲ. ಅವನು ಗುಣವಾಗಿದ್ದಾನೆ ಅಂತ ಹೇಳಲು ಹಾಕ್ಸ್‌ಗೆ ಅಷ್ಟು ಸಾಕು.

ಯಾರು ಗೆದ್ದರು? ವಾದದಲ್ಲಿ 'ಹೈ ನೂನ್' ಗೆದ್ದಿದೆ ಅಂತ ನನ್ನ ಅನಿಸಿಕೆ. ಊರು ಕೈಬಿಡುತ್ತದೆ, ಅದು ನಿಜ. ಆದರೆ ಮತ್ತೆ ಮತ್ತೆ ನೋಡಬೇಕು ಅನ್ನಿಸುವುದು 'ರಿಯೊ ಬ್ರಾವೊ'. ಅಲ್ಲಿ ಜೊತೆಗಿರುವವರ ಮೇಲೆ ನಂಬಿಕೆ ಇದೆ.

ಈಗ ಲಿಯೋನೆ. 1964ರಲ್ಲಿ ಅವನು ಮಾಡಿದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಅಕಿರಾ ಕುರೊಸಾವಾನ 'ಯೋಜಿಂಬೊ' ಚಿತ್ರದ ಕಥೆಯೇ. ಕೇಳದೆ ತೆಗೆದುಕೊಂಡದ್ದಕ್ಕೆ ಜಪಾನಿನವರು ದಾವೆ ಹೂಡಿ ಪಾಲು ಪಡೆದರು. ಆ ಕುರೊಸಾವಾ ಫೋರ್ಡ್‌ನ ದೊಡ್ಡ ಅಭಿಮಾನಿ. ಅಮೆರಿಕದಿಂದ ಜಪಾನಿಗೆ, ಜಪಾನಿನಿಂದ ಇಟಲಿಗೆ ಬಂದ ಕಥೆಯನ್ನು ಸ್ಪೇನಿನ ಅಲ್ಮೇರಿಯಾದ ಬಿಸಿಲಲ್ಲಿ ಚಿತ್ರೀಕರಿಸಿದರು. ಇದೂ ಸೇರಿ ಅವನ ಮೊದಲ ಮೂರು ವೆಸ್ಟರ್ನ್‌ಗಳ ಮೋಡಿ ನನಗೂ ಗೊತ್ತು. ಸ್ಮಶಾನದಲ್ಲಿ ಇಲೈ ವಾಲಕ್ ಚಿನ್ನ ಹುಡುಕುತ್ತ ಓಡುವಾಗ ಮೊರಿಕೋನೆಯ ಸಂಗೀತ ಏರುತ್ತದಲ್ಲ, ಅದಕ್ಕೆ ಸಾಟಿ ಇಲ್ಲ. ಆದರೆ ಆ ಚಿತ್ರಗಳಲ್ಲಿ ಊರು ಇಲ್ಲ. ಮನೆಗಳಿವೆ, ಬಾಳುವ ಜನ ಕಾಣುವುದಿಲ್ಲ. ಅದಕ್ಕೇ ಅವು ನನ್ನ ಮೊದಲ ಸಾಲಿಗೆ ಬರುವುದಿಲ್ಲ.

1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಮಾತು ಬೇರೆ. ಅದರ ಶುರುವಿನಲ್ಲಿ ಮೂವರು ಬಂದೂಕುಗಾರರು ರೈಲಿಗೆ ಕಾಯುತ್ತಾರೆ. ಗಾಳಿಯಂತ್ರ ಕಿರುಗುಟ್ಟುತ್ತದೆ. ಅವರಲ್ಲೊಬ್ಬನಾದ ವುಡಿ ಸ್ಟ್ರೋಡ್‌ನ ಬೋಳುತಲೆಯ ಮೇಲೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಅವನು ಜಾಗ ಬಿಟ್ಟು ಕದಲುವುದಿಲ್ಲ, ಟೋಪಿ ಹಾಕಿಕೊಳ್ಳುತ್ತಾನೆ. ನೀರು ಟೋಪಿಯಲ್ಲಿ ನಿಲ್ಲುತ್ತದೆ. ಕೊನೆಗೆ ಅದನ್ನೇ ತೆಗೆದು ಕುಡಿಯುತ್ತಾನೆ. ಇಡೀ ಚಿತ್ರ ನೀರಿನದೇ ಕಥೆ. ರೈಲಿನ ಉಗಿಯಂತ್ರಕ್ಕೆ ನೀರು ಬೇಕು, ಈ ದಾರಿಯಲ್ಲಿ ನೀರಿರುವುದು ಇಲ್ಲೊಂದೇ ಕಡೆ ಅಂತ ಲೆಕ್ಕ ಹಾಕಿ ಒಬ್ಬ ರೈತ ಬರಡು ಜಾಗ ಕೊಂಡಿದ್ದಾನೆ. ಮುಂದೆ ಇಲ್ಲಿ ಸ್ಟೇಷನ್ ಬರುತ್ತದೆ, ಊರು ಬರುತ್ತದೆ ಅಂತ ಅವನ ಕನಸು. ಆ ಜಾಗಕ್ಕಾಗಿ ಅವನನ್ನೂ ಮಕ್ಕಳನ್ನೂ ಕೊಲ್ಲುತ್ತಾರೆ. ಕೊನೆಯ ಚಿಕ್ಕ ಹುಡುಗನ ಕಡೆ ಬಂದೂಕು ತಿರುಗಿಸಿದವನ ಮುಖಕ್ಕೆ ಕ್ಯಾಮೆರಾ ಬಂದಾಗ, ನೀಲಿ ಕಣ್ಣಿನ ಹೆನ್ರಿ ಫೊಂಡಾ! ಜಗಲಿಯಲ್ಲಿ ಕುರ್ಚಿ ತೂಗುತ್ತಿದ್ದವನು, ಚರ್ಚ್‌ನ ನೆಲದ ಮೇಲೆ ಕುಣಿದವನು. ಫೋರ್ಡ್‌ನ ಊರನ್ನು ಪ್ರೀತಿಸಿದವರಿಗೆ ಆ ಒಂದು ಮುಖವೇ ದೊಡ್ಡ ಪೆಟ್ಟು. ಲಿಯೋನೆಗೆ ಬೇಕಾಗಿದ್ದೂ ಅದೇ.

ಆ ಕೊಲೆಯ ದೃಶ್ಯ ನಮ್ಮ ಪಕ್ಕಕ್ಕೇ ಬಂದಿದೆ. ರಮೇಶ್ ಸಿಪ್ಪಿಯ 'ಶೋಲೆ' ಬಂದದ್ದು 1975ರ ಆಗಸ್ಟ್ 15ರಂದು. ರಾಮ್‌ಗಢ ಅನ್ನುವ ಹಳ್ಳಿಯ ಸೆಟ್ ಹಾಕಿದ್ದು ನಮ್ಮ ರಾಮನಗರದ ಬೆಟ್ಟದ ಬುಡದಲ್ಲಿ. ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ದೃಶ್ಯ ಲಿಯೋನೆಯ ದೃಶ್ಯದಿಂದ ನೇರವಾಗಿ ಬಂದದ್ದು. ಎರಡರಲ್ಲೂ ಕೊನೆಗೆ ಉಳಿಯುವುದು ಒಂದು ಮಗು, ಎರಡರಲ್ಲೂ ಮಗುವಿನ ಸಾವನ್ನು ಕಣ್ಣಿಗೆ ತೋರಿಸುವುದಿಲ್ಲ. ಬೆಂಗಳೂರು-ಮೈಸೂರು ದಾರಿಯಲ್ಲಿ ಆ ಬಂಡೆಗಳನ್ನು ನೋಡುವಾಗ ನಮಗೆ ಮಾನ್ಯುಮೆಂಟ್ ವ್ಯಾಲಿ ಅಷ್ಟೇನೂ ದೂರ ಅನ್ನಿಸುವುದಿಲ್ಲ, ಅಲ್ವಾ?

ಇನ್ನು ಪಟ್ಟಿಯ ಮೊದಲ ಸ್ಥಾನದಲ್ಲಿರುವ 'ದಿ ಸರ್ಚರ್ಸ್'. 1956ರ ಚಿತ್ರ. ಕೊಮಾಂಚಿ ಅನ್ನುವ ಅಮೆರಿಕದ ಮೂಲನಿವಾಸಿಗಳು ಹೊತ್ತೊಯ್ದ ತನ್ನ ಸೋದರನ ಮಗಳನ್ನು ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ಅವಳನ್ನು ಮನೆಗೆ ತರಲು ಅಂದುಕೊಳ್ಳುತ್ತೇವೆ. ನಡುವೆ ಗೊತ್ತಾಗುತ್ತದೆ, ಅವಳನ್ನು ಕೊಲ್ಲಲು ಹುಡುಕುತ್ತಿದ್ದಾನೆ. ಅವಳು ಅವರಲ್ಲಿ ಒಬ್ಬಳಾಗಿಬಿಟ್ಟಳು ಅನ್ನುವುದೇ ಅವನ ದ್ವೇಷಕ್ಕೆ ಕಾರಣ. ನಾಯಕನ ಒಳಗಿನ ಈ ವಿಷವನ್ನು ಜಾನ್ ವೇನ್‌ನಂಥ ತಾರೆಯ ಮುಖದಲ್ಲಿ ತೋರಿಸಿದ ಧೈರ್ಯ ಸಣ್ಣದಲ್ಲ. ಕೊನೆಗೆ ಎಲ್ಲರೂ ಮನೆಯೊಳಗೆ ಹೋಗುತ್ತಾರೆ, ಅವನು ಹೊಸ್ತಿಲಾಚೆ ನಿಂತು ತನ್ನ ಮೊಣಕೈಯನ್ನು ತಾನೇ ಹಿಡಿದುಕೊಳ್ಳುತ್ತಾನೆ. ಹಳೆಯ ನಟ ಹ್ಯಾರಿ ಕ್ಯಾರಿ ನಿಲ್ಲುತ್ತಿದ್ದ ರೀತಿ ಅದು. ಕ್ಯಾರಿಯ ಹೆಂಡತಿ ಆಲಿವ್ ಕೂಡ ಆ ಚಿತ್ರದಲ್ಲಿದ್ದಾಳೆ. ಆ ದೃಶ್ಯದ ಬಗ್ಗೆ ಯಾರು ಎಷ್ಟು ಹೊಗಳಿದರೂ ನನ್ನ ಒಪ್ಪಿಗೆ ಇದೆ.

ಆದರೆ ಚಿತ್ರದೊಳಗೆ ಇನ್ನೊಂದು ಚಿತ್ರ ಇದೆ. ಈಥನ್ ಜೊತೆ ಹುಡುಕಲು ಹೊರಟ ಮಾರ್ಟಿನ್ ಅನ್ನುವ ಯುವಕ, ತನಗೇ ತಿಳಿಯದೆ, ಲುಕ್ ಅನ್ನುವ ಕೊಮಾಂಚಿ ಹೆಣ್ಣಿಗೆ ಗಂಡನಾಗುತ್ತಾನೆ. ಅವನು ಅವಳನ್ನು ಒದ್ದು ದಿಬ್ಬದಿಂದ ಉರುಳಿಸುತ್ತಾನೆ, ನಾವು ನಗಬೇಕು ಅಂತ ಚಿತ್ರ ಬಯಸುತ್ತದೆ. ನನಗೆ ನಗು ಬರುವುದಿಲ್ಲ, ಹೊಟ್ಟೆ ಕಿವುಚುತ್ತದೆ. ಕೊಮಾಂಚಿ ನಾಯಕ ಸ್ಕಾರ್ ಆಗಿರುವುದು ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟ ಹೆನ್ರಿ ಬ್ರ್ಯಾಂಡನ್. ಚಿತ್ರೀಕರಣ ಆದದ್ದು ನವಾಹೊ ಜನರ ನೆಲದಲ್ಲಿ. ಅದೇ ನವಾಹೊ ಜನ ಕೊಮಾಂಚಿಗಳ ವೇಷ ಹಾಕಿಕೊಂಡು ಹಿಂದೆ ನಿಂತಿದ್ದಾರೆ. ನಾನು ಇಷ್ಟು ಪ್ರೀತಿಸುವ 'ಕ್ಲೆಮೆಂಟೈನ್'ನಲ್ಲೂ ವಯಟ್ ಮೊದಲು ಮಾಡುವ ಕೆಲಸ ಒಬ್ಬ ಕುಡುಕ ಇಂಡಿಯನ್‌ನನ್ನು, ಅಂದರೆ ಅಮೆರಿಕದ ಮೂಲನಿವಾಸಿಯನ್ನು, ಊರಿಂದ ಒದ್ದು ಓಡಿಸುವುದು. ಯಾರ ನೆಲದಲ್ಲಿ ನಿಂತು ಯಾರನ್ನು ಹೊರಗೆ ಹಾಕಿದರು! ವೆಸ್ಟರ್ನ್ ಪ್ರೀತಿಸುವವರು ಇದನ್ನು ನೋಡಿಯೂ ನೋಡದವರ ಹಾಗೆ ಇರಬಾರದು.

'ಲಿಬರ್ಟಿ ವ್ಯಾಲೆನ್ಸ್' ಚಿತ್ರವನ್ನು ನಾನು ಮೇಲೆ ಇಡುವುದು ಇದೇ ಕಾರಣಕ್ಕೆ. ಅದಕ್ಕೆ ಮಾನ್ಯುಮೆಂಟ್ ವ್ಯಾಲಿಯ ಚೆಲುವಿಲ್ಲ. ಕಪ್ಪು ಬಿಳುಪು, ಹೆಚ್ಚಿನದು ಸೆಟ್‌ನಲ್ಲಿ ತೆಗೆದದ್ದು. ಐವತ್ತು ದಾಟಿದ ಜೇಮ್ಸ್ ಸ್ಟುವರ್ಟ್ ಎಳೆಯ ವಕೀಲನ ಪಾತ್ರ ಮಾಡಿದ್ದಾನೆ. ಇದನ್ನೆಲ್ಲ ಕೊರತೆ ಅಂತ ಹೇಳುವವರಿದ್ದಾರೆ. ನನಗೆ ಅದು ಕೊರತೆ ಅನ್ನಿಸಿಲ್ಲ. ಇದು ಒಬ್ಬ ಮುದುಕ ನೆನಪಿನಿಂದ ಹೇಳುವ ಕಥೆ.

ಸೆನೆಟರ್ ರ‍್ಯಾನ್ಸಮ್ ಸ್ಟೊಡಾರ್ಡ್ ಮತ್ತು ಅವನ ಹೆಂಡತಿ ಹ್ಯಾಲಿ ರೈಲಿನಲ್ಲಿ ಶಿನ್‌ಬೋನ್ ಊರಿಗೆ ಬಂದಿಳಿಯುತ್ತಾರೆ. ಟಾಮ್ ಡೊನಿಫನ್ (ಜಾನ್ ವೇನ್) ಅನ್ನುವವನು ಸತ್ತಿದ್ದಾನೆ, ಅವನ ಮಣ್ಣಿಗೆ. ಊರಿನ ಪತ್ರಿಕೆಯವರಿಗೆ ಆ ಹೆಸರೇ ಗೊತ್ತಿಲ್ಲ. ಸಾದಾ ಮರದ ಪೆಟ್ಟಿಗೆ. ಹೆಣದ ಕಾಲಿನಲ್ಲಿ ಬೂಟು ಕೂಡ ಇಲ್ಲ. ಯಾರು ಈ ಟಾಮ್ ಅಂತ ಕೇಳಿದಾಗ ಸೆನೆಟರ್ ಹಳೆಯ ಕಥೆ ಹೇಳುತ್ತಾನೆ.

ರ‍್ಯಾನ್ಸಮ್ ಕಾನೂನು ಪುಸ್ತಕ ಹಿಡಿದುಕೊಂಡು ಪೂರ್ವದಿಂದ ಬಂದ ವಕೀಲ. ಲಿಬರ್ಟಿ ವ್ಯಾಲೆನ್ಸ್ ಅನ್ನುವ ದರೋಡೆಕೋರ ದಾರಿಯಲ್ಲೇ ಚಾಟಿಯಿಂದ ಬಾರಿಸಿ ಪುಸ್ತಕ ಹರಿದುಹಾಕುತ್ತಾನೆ. ಟಾಮ್ ಅವನನ್ನು ಎತ್ತಿಕೊಂಡು ಬಂದು ಹ್ಯಾಲಿ ಕೆಲಸ ಮಾಡುವ ಊಟದ ಹೋಟೆಲಿಗೆ ತಲುಪಿಸುತ್ತಾನೆ. ವಕೀಲ ಅಲ್ಲಿ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತಾನೆ, ಊಟ ಬಡಿಸುತ್ತಾನೆ. ಒಂದು ರಾತ್ರಿ ಟಾಮ್‌ಗೆ ಸ್ಟೇಕ್ ತೆಗೆದುಕೊಂಡು ಹೋಗುವಾಗ ಲಿಬರ್ಟಿ ಕಾಲು ಅಡ್ಡ ಕೊಟ್ಟು ಬೀಳಿಸುತ್ತಾನೆ. ಅದು ನನ್ನ ಊಟ, ನೀನೇ ಎತ್ತು ಅನ್ನುತ್ತಾನೆ ಟಾಮ್. ಇಬ್ಬರ ಕೈಯೂ ಬಂದೂಕಿನ ಹತ್ತಿರ. ಆಗ ವಕೀಲ ಸಿಟ್ಟಿನಿಂದ ತಾನೇ ಬಗ್ಗಿ ಎತ್ತಿ ತಟ್ಟೆಗೆ ಕುಕ್ಕುತ್ತಾನೆ. ನೆಲಕ್ಕೆ ಬಿದ್ದ ಒಂದು ತುಂಡು ಮಾಂಸಕ್ಕೆ ಯಾರಾದರೂ ಸಾಯಬೇಕೇ? ಅವನಿಗೆ ಅದು ಹುಚ್ಚು, ಟಾಮ್‌ಗೆ ಅದು ಬದುಕುವ ರೀತಿ. ಇಬ್ಬರ ನಡುವಿನ ದೂರವೆಲ್ಲ ಆ ತಟ್ಟೆಯಲ್ಲಿದೆ.

ವಕೀಲ ಶಾಲೆ ತೆರೆಯುತ್ತಾನೆ. ಓದಲು ಬಾರದ ಹ್ಯಾಲಿ ಬರುತ್ತಾಳೆ, ವಯಸ್ಸಾದವರು ಬರುತ್ತಾರೆ, ಟಾಮ್‌ನ ಕೆಲಸದಾಳು ಪಾಂಪಿ ಬರುತ್ತಾನೆ. ಅವನು ಕಪ್ಪು ಮನುಷ್ಯ. ಆ ಪಾತ್ರ ಮಾಡಿದವನು ನಾನು ಆಗಲೇ ಹೇಳಿದ ವುಡಿ ಸ್ಟ್ರೋಡ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಮಾತನ್ನು ಹೇಳಲು ಪಾಂಪಿ ಎದ್ದು ನಿಲ್ಲುತ್ತಾನೆ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಅನ್ನುವ ಕಡೆಗೆ ಬಂದು ಮರೆತುಬಿಡುತ್ತಾನೆ. "ಪರವಾಗಿಲ್ಲ ಪಾಂಪಿ, ಆ ಮಾತನ್ನು ತುಂಬಾ ಜನ ಮರೆಯುತ್ತಾರೆ" ಅನ್ನುತ್ತಾನೆ ವಕೀಲ. ಮುಂದೆ ಊರವರು ಪ್ರತಿನಿಧಿಗಳನ್ನು ಆರಿಸಲು ಸೇರಿದಾಗ ಪಾಂಪಿ ಹೊರಗೆ ಬಾಗಿಲ ಬಳಿ ಕೂತಿರುತ್ತಾನೆ. ಫೋರ್ಡ್ ಇದನ್ನು ಒತ್ತಿ ಹೇಳುವುದಿಲ್ಲ. ಆದರೆ ಕ್ಯಾಮೆರಾ ಅವನನ್ನು ಬಿಟ್ಟೂ ಹೋಗುವುದಿಲ್ಲ. ಇಂಡಿಯನ್ನರು ಈ ಚಿತ್ರದಲ್ಲಿ ಇಲ್ಲವೇ ಇಲ್ಲ ಅನ್ನುವುದನ್ನೂ ಹೇಳಲೇಬೇಕು.

ಕೊನೆಗೆ ಏಪ್ರನ್ ಕಟ್ಟಿಕೊಂಡೇ ವಕೀಲ ಬೀದಿಗಿಳಿದು ಲಿಬರ್ಟಿಯನ್ನು ಎದುರಿಸುತ್ತಾನೆ. ಲಿಬರ್ಟಿ ಬೀಳುತ್ತಾನೆ. ಅವನನ್ನು ಕೊಂದವನು ಅನ್ನುವ ಹೆಸರಿನಿಂದಲೇ ವಕೀಲ ಗವರ್ನರ್ ಆಗುತ್ತಾನೆ, ಸೆನೆಟರ್ ಆಗುತ್ತಾನೆ. ನಿಜವಾಗಿ ಗುಂಡು ಹೊಡೆದವನು ಎದುರಿನ ಕತ್ತಲ ಸಂದಿಯಲ್ಲಿ ನಿಂತ ಟಾಮ್. ಹ್ಯಾಲಿಯನ್ನು ಮದುವೆಯಾಗಬೇಕು ಅಂತ ಅವನು ಮನೆಗೆ ಇನ್ನೊಂದು ಕೋಣೆ ಕಟ್ಟಿಸುತ್ತಿದ್ದ. ಆ ರಾತ್ರಿ ಕುಡಿದು ಬಂದು ಆ ಮನೆಗೇ ಬೆಂಕಿ ಇಡುತ್ತಾನೆ. ಆಮೇಲೆ ವಕೀಲನಿಗೆ ಅವನು ಹೇಳುವ ಮಾತು ಇದು: "ಅವಳಿಗೆ ಓದು ಬರಹ ಕಲಿಸಿದೆ. ಇನ್ನು ಓದಲು ಬರೆಯಲು ಏನಾದರೂ ಕೊಡು."

ನಿಜ ಕೇಳಿದ ಪತ್ರಕರ್ತ ಬರೆದುಕೊಂಡದ್ದನ್ನು ಹರಿದುಹಾಕುತ್ತಾನೆ. ದಂತಕಥೆಯೇ ನಿಜವಾಗಿಬಿಟ್ಟರೆ ದಂತಕಥೆಯನ್ನೇ ಅಚ್ಚು ಹಾಕಬೇಕು ಅನ್ನುತ್ತಾನೆ. ಈ ಮಾತನ್ನು ಫೋರ್ಡ್‌ನ ಅಭಿಪ್ರಾಯ ಅಂತ ಎತ್ತಿ ಹೇಳುವವರು ಜಾಸ್ತಿ. ನನಗೆ ಹಾಗೆ ಕಾಣುವುದಿಲ್ಲ. ಪತ್ರಿಕೆ ಅಚ್ಚು ಹಾಕದೆ ಬಿಟ್ಟ ನಿಜವನ್ನು ಫೋರ್ಡ್ ನಮಗೆ ಎರಡು ಗಂಟೆ ಕೂರಿಸಿ ತೋರಿಸಿದ್ದಾನೆ. ಕ್ಲೆಮೆಂಟೈನ್ ಚಿತ್ರದಲ್ಲಿ ತಾನೇ ಅಚ್ಚು ಹಾಕಿದ ದಂತಕಥೆಗೆ 16 ವರ್ಷದ ನಂತರ ಕೊಟ್ಟ ಉತ್ತರ ಇದು. ಆ ಊರು ನಿಂತಿರುವುದು ಒಂದು ಸುಳ್ಳಿನ ಮೇಲೆ, ಮನೆ ಸುಟ್ಟುಕೊಂಡ ಒಬ್ಬನ ಮೇಲೆ. ಊರು ಬೇಕೇ ಬೇಕಿತ್ತು ಅನ್ನುವುದನ್ನೂ ಚಿತ್ರ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದ ಇನ್ನೊಂದು ವೆಸ್ಟರ್ನ್ ನನಗೆ ಸಿಕ್ಕಿಲ್ಲ.

ಹತ್ತಿರ ಬಂದದ್ದು ಈಸ್ಟ್‌ವುಡ್‌ನ 'ಅನ್‌ಫರ್ಗಿವನ್', 1992ರದ್ದು. ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಪಡೆಯಿತು. ಅದನ್ನು ತನ್ನನ್ನು ನಿರ್ದೇಶಿಸಿದ್ದ ಲಿಯೋನೆ ಮತ್ತು ಡಾನ್ ಸೀಗಲ್‌ಗೆ ಅರ್ಪಿಸಿದ್ದಾನೆ. ಜೀನ್ ಹ್ಯಾಕ್‌ಮನ್ ಅದರಲ್ಲಿ ಕ್ರೂರ ಶೆರಿಫ್. ಅವನು ತನ್ನ ಕೈಯಾರೆ ಒಂದು ಮನೆ ಕಟ್ಟುತ್ತಿದ್ದಾನೆ. ಮಳೆ ಬಂದರೆ ಸೂರು ಸೋರುತ್ತದೆ, ಅಲ್ಲಲ್ಲಿ ಪಾತ್ರೆ ಇಟ್ಟು ಕೂರುತ್ತಾನೆ. ಸಾಯುವ ಹೊತ್ತಿನಲ್ಲಿ ಅವನ ಬಾಯಿಂದ ಬರುವ ಮಾತು, ನನಗೆ ಇಂಥ ಸಾವು ಬರಬಾರದಿತ್ತು, ನಾನು ಮನೆ ಕಟ್ಟುತ್ತಿದ್ದೆ ಅಂತ. ಕೆಟ್ಟವನಿಗೂ ಅದೇ ಆಸೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಈ ಚಿತ್ರಗಳನ್ನು ಒಂದೂ ನೋಡದವರು ಎಲ್ಲಿಂದ ಶುರು ಮಾಡಬೇಕು? 'ರಿಯೊ ಬ್ರಾವೊ'ದಿಂದ ಅಂದೆ. ಮನೆಮಂದಿಯೆಲ್ಲ ಕೂತು ನೋಡಬಹುದು. ಆಮೇಲೆ 'ಕ್ಲೆಮೆಂಟೈನ್'. 'ಲಿಬರ್ಟಿ ವ್ಯಾಲೆನ್ಸ್' ಮೊದಲೇ ನೋಡಬೇಡಿ. ವೇನ್‌ನ ಎರಡು ಮೂರು ಚಿತ್ರ ನೋಡಿ, ಅವನ ನಡಿಗೆ, ದನಿ, ನಗು ನಿಮಗೆ ರೂಢಿಯಾಗಿರಲಿ. ಆಗ ಆ ಮರದ ಪೆಟ್ಟಿಗೆಯಲ್ಲಿ ಮಲಗಿರುವವನು ಯಾರು ಅನ್ನುವುದು ನಿಮಗೆ ನಿಜವಾಗಿ ತಟ್ಟುತ್ತದೆ. ಅವರು ಮೂರೂ ಹೆಸರು ಬರೆದುಕೊಂಡರು. ಪಕ್ಕದಲ್ಲಿದ್ದವರು ಲಿಯೋನೆಯನ್ನು ಬಿಟ್ಟುಕೊಡಲು ಇನ್ನೂ ತಯಾರಿರಲಿಲ್ಲ. ಆ ಜಗಳ ಹೊರಗೆ ಕಾಫಿ ಕುಡಿಯುವಾಗಲೂ ಮುಂದುವರಿಯಿತು.